ಅಂಕಣದ ಅಳತೆ: ಮಲೆನಾಡಿನ ಹಳೆಯ ಆಸ್ಪತ್ರೆಗಳ ವಿಸ್ತರಣ

ಹಳೆಯ ಕಟ್ಟಡವನ್ನು ಮೂಲವಿನ್ಯಾಸಕ್ಕೆ ಹೊಂದುವಂತೆ ವಿಸ್ತರಿಸಬೇಕೆಂಬುದನ್ನು ಎಲ್ಲರೂ ಒಪ್ಪುವರು. ಹೊಂದುವುದೆಂದರೇನೆಂದು ವಿಚಾರಿಸುವವರು ವಿರಳ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ವಾಸ್ತುಪರಂಪರೆಯ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮಲೆನಾಡಿನ ಮನೆಯನ್ನು ಅಳೆಯುವುದು ಅಂಕಣದಿಂದ. ಕಂಬದಿಂದ ಕಂಬಕ್ಕಿರುವ ತೆರಪೇ ಅಂಕಣ. ಕುಟುಂಬ ಬೆಳೆದಂತೆ ಅಂಕಣಕ್ಕೆ ಅಂಕಣ ಕೂಡುವುದು. ಮಾಡಿನ ಇಳಿಜಾರು ಕೆಡದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಹುಲ್ಲಿನ ಸ್ಥಾನಕ್ಕೆ ಕ್ರಮೇಣ ಹೆಂಚು ಬಂದರೂ ಈ ಕ್ರಮ ಅಳಿಯಲಿಲ್ಲ. ದೇವಾಲಯಗಳಲ್ಲಿಯೂ ಇಂಥದೇ ವಿವೇಕವುಂಟು. ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ, ಪಾರ್ವತಿಯರ ಗುಡಿಗಳು ಒಂದೇ ಆವರಣದಲ್ಲಿದ್ದೂ ತಂತಮ್ಮ ಗರ್ಭಗೃಹಗಳನ್ನು ಉಳಿಸಿಕೊಂಡಿವೆ. ಇಕ್ಕೇರಿಯಲ್ಲಿ ಅಘೋರೇಶ್ವರನ ಎದುರಿಗೆ ನಂದಿಮಂಟಪವು ಬೇರೆಯಾಗಿಯೇ ನಿಂತಿದೆ. ಅಲ್ಲಿ ಸಂಬಂಧವಿದೆ, ಒತ್ತುವರಿಯಿಲ್ಲ.

ಯೂರೋಪಿನ ಆಸ್ಪತ್ರೆಗಳು 19ನೆಯ ಶತಮಾನದಲ್ಲಿ ಇದೇ ತತ್ತ್ವವನ್ನು ಬೇರೊಂದು ದಾರಿಯಿಂದ ಮುಟ್ಟಿದವು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎರಡು ಪಕ್ಕಗಳಲ್ಲಿಯೂ ಕಿಟಕಿಗಳುಳ್ಳ ಪ್ರತ್ಯೇಕ ವಾರ್ಡುಗಳನ್ನು ಸಮರ್ಥಿಸಿದರು. ವಾರ್ಡು ಒಂದು ಘಟಕ. ಘಟಕಗಳನ್ನು ಕೂಡಿಸುವುದು ಮೊಗಸಾಲೆ. ಆದುದರಿಂದ ಇಂಥ ಆಸ್ಪತ್ರೆಯನ್ನು ಬೆಳೆಸುವುದೆಂದರೆ, ಮೊದಲಿನ ಘಟಕದ ಗಾಳಿಬೆಳಕುಗಳನ್ನು ಕಸಿಯದೆ ಮತ್ತೊಂದನ್ನು ಸೇರಿಸುವುದು.

ಈ ಸೀಮೆಯ ಒಂದು ಹಳೆಯ ಆಸ್ಪತ್ರೆಯಲ್ಲಿ ನಾವು ಕಂಡುದು ಇದಕ್ಕೆ ವಿರುದ್ಧ. ಹೊಸ ಭಾಗದ ಮುಂದೆ ಹೆಂಚಿನ ಸೂರಿದೆ, ಬಣ್ಣವೂ ಹಳೆಯದನ್ನು ಹೋಲುತ್ತದೆ; ಆದರೆ ಅದರ ಗೋಡೆಯು ಹಳೆಯ ವಾರ್ಡಿನ ಕಿಟಕಿಗಳನ್ನೇ ಮುಚ್ಚಿ ನಿಂತಿದೆ. ರೂಪ ಹೊಂದಿತು, ವಿನ್ಯಾಸ ಹೊಂದಲಿಲ್ಲ. ಎರಡು ಮಾಡುಗಳು ಕೂಡುವ ಕಣಿವೆಯಲ್ಲಿ ನೀರು ನಿಂತು ಗೋಡೆ ನೆನೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಾಡಿನಲ್ಲಿ ಇದು ಅಲ್ಪದೋಷವಲ್ಲ.

ಅನುಕರಣವೇ ಅಸತ್ಯವೆಂಬ ಆಕ್ಷೇಪಣೆಯೂ ಉಂಟು. 1964ರ ವೆನಿಸ್ ಸನ್ನದು ಜೀರ್ಣೋದ್ಧಾರದಲ್ಲಿ ಅನಿವಾರ್ಯವಾದ ಹೊಸ ಕೆಲಸವು ತನ್ನ ಕಾಲದ ಗುರುತನ್ನು ಹೊತ್ತಿರಬೇಕೆನ್ನುತ್ತದೆ. ಈ ಮಾತು ಗ್ರಾಹ್ಯವೇ. ಶಸ್ತ್ರಚಿಕಿತ್ಸಾಗಾರವನ್ನು ಹಳೆಯ ಅಂಕಣದೊಳಗೆ ತುರುಕುವುದು ಉಚಿತವಲ್ಲ. ಅದು ಬೇರೆಯಾಗಿ ನಿಂತು, ಮೊಗಸಾಲೆಯಿಂದ ಕೂಡಲಿ. ಅಳತೆಯನ್ನು ಅನುಸರಿಸುವುದಕ್ಕೂ ಅಲಂಕಾರವನ್ನು ನಕಲು ಮಾಡುವುದಕ್ಕೂ ಇರುವ ಅಂತರವನ್ನು ಮರೆಯಬಾರದೆಂಬುದಷ್ಟೆ ನಮ್ಮ ವಾದ.

ಹೊಸ ಭಾಗವು ಹಳೆಯದರಂತೆ ಕಾಣುವುದೇ ಎಂದು ಹೊರಗೆ ನಿಂತು ನೋಡಿದರೆ ಸಾಲದು. ಹಳೆಯ ವಾರ್ಡಿನಲ್ಲಿ ಮಲಗಿದ ರೋಗಿಗೆ ಮೊದಲಿದ್ದ ಬೆಳಕು ಈಗಲೂ ದೊರೆಯುವುದೇ ಎಂದು ಒಳಹೊಕ್ಕು ಕೇಳಬೇಕು.