ಗುಡುಗುಡಿಯ ಹೊಗೆ, ಗುಡುಗುಡಿಯ ಬೆಂಕಿ

ಸಿಂಗಪುರದ ಎಂಆರ್‌ಟಿಯಲ್ಲಿ ಇಯರ್‌ಫೋನ್ ಹಾಕ್ಕೊಂಡು ರಘು ದೀಕ್ಷಿತ್ ಪ್ರಾಜೆಕ್ಟ್‌ನ ‘ಗುಡುಗುಡಿಯ ಸೇದಿ ನೋಡೋ’ ಕೇಳಿದ್ದೀರಾ? 2008ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹಾಡು. ಸಾಹಿತ್ಯ ಶಿಶುನಾಳ ಶರೀಫರದು (1819–1889). ಗುಡುಗುಡಿ ಅಂದ್ರೆ ಹುಕ್ಕಾ. ಆದರೆ ಶರೀಫರಿಗೆ ದೇಹವೇ ಬುರುಡೆ, ಬುದ್ಧಿಯೇ ಬೆಂಕಿ, ಸುಡಬೇಕಾದ್ದು ಮೋಹ.

ಫಂಕ್ ಛಾಯೆಯ ಲಯ ಈ ಪದಕ್ಕೆ ಒಪ್ಪುತ್ತೆ. ಫಂಕ್ ಮೊದಲು ಮುಟ್ಟೋದು ಮೈಯನ್ನ. ಶರೀಫರು ಮಾತು ಶುರುಮಾಡೋದೂ ಮೈಯಿಂದಲೇ. ತೊಡಕು ಒಂದೇ: ಕುಣಿತ ಏರಿದಷ್ಟೂ ಬೆಂಕಿ ಮರೆತುಹೋಗಿ, ಬರೀ ಹೊಗೆಯ ಮಜಾ ಉಳಿಯುತ್ತೆ. ಅದಕ್ಕೇ ಸಿ. ಅಶ್ವಥ್ ಹಾಡಿರೋ ಶರೀಫರ ಪದಗಳನ್ನೂ ಜೊತೆಗೆ ಕೇಳಿ. ಅಲ್ಲಿ ಮಾತು ಮುಂದೆ, ತಾಳ ಹಿಂದೆ. ಕನ್ನಡ ಅಷ್ಟಾಗಿ ಬಾರದ ಮಕ್ಕಳನ್ನ ಬ್ಯಾಂಡು ಹಾಡಿನ ತನಕ ಕರ್ಕೊಂಡು ಬರುತ್ತೆ. ಅರ್ಥದ ತನಕ ನೀವೇ ಕರ್ಕೊಂಡು ಹೋಗಬೇಕು.