ತಲೆಗೊಂದು ಕೊಡ ನೀರು

ಯುದ್ಧವೋ ದಂಗೆಯೋ ಬಂದು ಮನೆಮಾರು ಬಿಟ್ಟು ಓಡಿದವರಿಗೆ ಎಷ್ಟು ನೀರು ಕೊಡಬೇಕು, ಎಷ್ಟು ನೆರಳು ಕೊಡಬೇಕು ಎಂದು ಲೆಕ್ಕ ಹಾಕಿ ಹೇಳುವ ಪುಸ್ತಕವೊಂದಿದೆ. ಅದರ ಹೆಸರು ‘ಸ್ಫಿಯರ್ ಕೈಪಿಡಿ’. ರೆಡ್‌ಕ್ರಾಸ್ ಮತ್ತು ಇತರ ಸೇವಾಸಂಸ್ಥೆಗಳು ಕೂಡಿ 1997ರಲ್ಲಿ ಆರಂಭಿಸಿದ ಕೆಲಸವಿದು. ನಾನು ಓದಿದ್ದು 2018ರ ಇಂಗ್ಲಿಷ್ ಆವೃತ್ತಿ. ಅದರಲ್ಲಿ ಕಥೆಯಿಲ್ಲ, ವರ್ಣನೆಯಿಲ್ಲ. ಆದರೂ ನಾವು ಹೆಂಗಸರು ಓದಬೇಕಾದ ಪುಸ್ತಕವೆಂದು ನನಗೆ ಅನಿಸಿತು.

ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಸಿಗಬೇಕು. ಅಂದರೆ ಸುಮಾರು ಒಂದು ದೊಡ್ಡ ಕೊಡ. ಕುಡಿಯಲು, ಅಡಿಗೆಗೆ, ಮೈತೊಳೆಯಲು ಎಲ್ಲಕ್ಕೂ ಅಷ್ಟೇ. ನೀರು 500 ಮೀಟರಿನೊಳಗೆ ಸಿಗಬೇಕು, ಸರದಿಯಲ್ಲಿ 30 ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬಾರದು. ಒಬ್ಬರಿಗೆ 3.5 ಚದರ ಮೀಟರ್ ಸೂರು, ಎರಡು ಹೊರಸು ಹಾಕುವಷ್ಟು. ಪಾಯಖಾನೆ ಮೊದಮೊದಲು 50 ಜನಕ್ಕೊಂದು, ಆದಷ್ಟು ಬೇಗ 20 ಜನಕ್ಕೊಂದು. ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು. ಒಳಗೆ ಚಿಲಕವಿರಬೇಕು, ಬೆಳಕಿರಬೇಕು. ಮುಟ್ಟಿನ ಮಾತನ್ನೂ ಪುಸ್ತಕ ಮುಚ್ಚಿಡುವುದಿಲ್ಲ.

ಈ ಚಿಲಕದ ಮಾತು ಓದಿದಾಗ ನಮ್ಮ ಭಾಗದ ಚರಿತ್ರೆಯ ಪುಸ್ತಕಗಳು ನೆನಪಾದವು. 1947-48ರಲ್ಲಿ ರಜಾಕಾರರ ಹಾವಳಿಗೆ ಹೆದರಿ ನಿಜಾಮನ ಸಂಸ್ಥಾನದ ಅನೇಕ ಕುಟುಂಬಗಳು ಗಡಿ ದಾಟಿ ಮುಂಬಯಿ ಪ್ರಾಂತ್ಯದ ಊರುಗಳಿಗೆ ಹೋದವು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳಿದ್ದವು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಆಮೇಲಿನ ಹಿಂಸೆಗೆ ಮುಸ್ಲಿಂ ಕುಟುಂಬಗಳು ಸಿಕ್ಕವು. ಅದನ್ನು ವಿಚಾರಿಸಲು ಬಂದ ಸುಂದರ್‌ಲಾಲ್ ಸಮಿತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ ಹೆಸರಿಸಿತು. ನಮ್ಮ ಸುರಪುರ, ದೇವಾಪುರ ಆಗ ಅದೇ ಜಿಲ್ಲೆಯಲ್ಲಿದ್ದವು.

ನಾನು ಓದಿದ ಪುಸ್ತಕಗಳಲ್ಲಿ ಬಂದೂಕು ಎಲ್ಲಿಂದ ಬಂತು, ಯಾವ ಠಾಣೆಯ ಮೇಲೆ ದಾಳಿ ನಡೆಯಿತು ಎಂಬುದೆಲ್ಲ ಇದೆ. ಊರು ಬಿಟ್ಟ ಬಾಣಂತಿ ಎಲ್ಲಿ ಮೈತೊಳೆದಳು, ವಯಸ್ಸಿಗೆ ಬಂದ ಹುಡುಗಿ ಕತ್ತಲಲ್ಲಿ ತಂಬಿಗೆ ಹಿಡಿದು ಯಾವ ಕಡೆ ಹೋದಳು ಎಂಬುದಿಲ್ಲ. ಬರೆದವರಿಗೆ ಅದು ಚರಿತ್ರೆ ಎನಿಸಿರಲಿಕ್ಕಿಲ್ಲ. ಕೈಪಿಡಿಯ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು.

ಹಾಗೆಂದು ಅಂಕಿಗಳೇ ಎಲ್ಲವೂ ಅಲ್ಲ. ‘ತಲೆಗೆ ಇಷ್ಟು’ ಎಂಬುದು ಸರಾಸರಿಯ ಮಾತು. ಐದು ಜನರ ಸಂಸಾರಕ್ಕೆ 75 ಲೀಟರ್ ಬಂತೆನ್ನಿ. ಗಂಡ ಮಕ್ಕಳ ಸ್ನಾನವಾಗಿ, ಮುಸುರೆ ತಿಕ್ಕಿದ ಮೇಲೆ ಉಳಿದದ್ದು ಅವಳ ಪಾಲು. ಬಾವಿಯ ಹತ್ತಿರ ಯಾರನ್ನು ದೂರ ನಿಲ್ಲಿಸಿದರು ಎಂಬುದೂ ಸರಾಸರಿಯಲ್ಲಿ ಕಾಣುವುದಿಲ್ಲ. ಹೆಂಗಸರನ್ನು ಕೇಳಿ ಕಟ್ಟಿರಿ ಎಂದು ಕೈಪಿಡಿ ಹೇಳುತ್ತದೆ, ನಿಜ. ಆದರೆ ಗಂಡಸರ ಎದುರಿಗೆ ಕೇಳಿದರೆ ಅವಳು “ಎಲ್ಲಾ ಛಲೋ ಐತ್ರಿ” ಎಂದುಬಿಡುತ್ತಾಳೆ.

ಆ ಕಾಲವನ್ನು ಕಂಡ ಹಿರಿಯರು ಈಗ ಕೆಲವರೇ ಉಳಿದಿದ್ದಾರೆ. ಸೆಪ್ಟೆಂಬರ್ 17ರಂದು ಶಾಲು ಹೊದಿಸಿ ಕಳಿಸಿದರೆ ಸಾಲದು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥ ಅಜ್ಜಿಯಿದ್ದರೆ ಪಕ್ಕದಲ್ಲಿ ಕುಳಿತು, ನೀರು ಎಲ್ಲಿಂದ ತರುತ್ತಿದ್ದಿರಿ, ರಾತ್ರಿ ಎಲ್ಲಿಗೆ ಹೋಗುತ್ತಿದ್ದಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಗಂಡಸರು ಮನೆಯಲ್ಲಿಲ್ಲದ ಹೊತ್ತು ನೋಡಿ ಕೇಳಿ.