ನಿಮಿಷದ ದಂಡ

ಕಾಲಿಗೆ ಸ್ಕೀ ಕಟ್ಟಿ ಹಿಮದ ಮೇಲೆ ಓಡುತ್ತ, ನಡುನಡುವೆ ಬೆನ್ನಿನ ರೈಫಲನ್ನು ಇಳಿಸಿ ಗುರಿ ಹೊಡೆಯುವ ಬಯಾತ್ಲಾನ್ ಕ್ರೀಡೆಯ ಹುಟ್ಟು ಬೆಳವಣಿಗೆಗಳನ್ನು ವಾಚಕರಿಗೆ ನಾನು ಹೊಸದಾಗಿ ಹೇಳಬೇಕಾದುದಿಲ್ಲ. ಅದರ ಪ್ರಭೇದಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಪ್ರಶ್ನೆಗೆ ಈಚೆಗೆ ಬಹು ಸಲೀಸಾಗಿ ದೊರೆಯುತ್ತಿರುವ ಉತ್ತರ ಮಾತ್ರ ನನಗೆ ಸಮ್ಮತವಲ್ಲ. ಹಿಂದಿನ ಓಟದ ಅಂತರದಂತೆ ಹೊರಟು ಮುಂದಿನವನನ್ನು ಬೆನ್ನಟ್ಟುವ, 2002ರಲ್ಲಿ ಒಲಿಂಪಿಕ್ಸನ್ನು ಹೊಕ್ಕ ಪರ್ಸ್ಯೂಟ್, ಎಲ್ಲರೂ ಒಟ್ಟಿಗೆ ಹೊರಡುವ, 2006ರಲ್ಲಿ ಹೊಕ್ಕ ಮಾಸ್ ಸ್ಟಾರ್ಟ್, ಇವೆರಡರ ಕೀರ್ತಿಯೂ ಯೋಗ್ಯತೆಯನ್ನು ಮೀರಿ ಬೆಳೆದಿದೆ. 1960ರಿಂದ ಒಲಿಂಪಿಕ್ಸಿನಲ್ಲಿ ನಡೆದುಬಂದಿರುವ 20 ಕಿಲೋಮೀಟರಿನ ಇಂಡಿವಿಜುವಲ್ ಸ್ಪರ್ಧೆಯಾದರೋ ಜಗಲಿಯ ಮೇಲಿನ ವೃದ್ಧರಂತೆ, ನಮಸ್ಕಾರವನ್ನಷ್ಟೇ ಪಡೆದು ಕುಳಿತಿದೆ.

ಹೊಸ ಸ್ಪರ್ಧೆಗಳಲ್ಲಿ ಗುರಿ ತಪ್ಪಿದವನು 150 ಮೀಟರಿನ ದಂಡದ ಸುತ್ತನ್ನು ಓಡಬೇಕು. ಕಾಲು ಬಲ್ಲವನಿಗೆ ಅದು ಅರ್ಧ ನಿಮಿಷದೊಳಗೆ ತೀರುವ ಸಾಲ. ಇಂಡಿವಿಜುವಲಿನಲ್ಲಿ ತಪ್ಪಿದ ಒಂದೊಂದು ಗುಂಡಿಗೂ ಒಂದೊಂದು ನಿಮಿಷ ಕಾಲಕ್ಕೆ ಕೂಡುತ್ತದೆ. ಅದಕ್ಕಿಂತಲೂ ಸೂಕ್ಷ್ಮವಾದುದು ಗುಂಡು ಹಾರಿಸುವ ಕ್ರಮ. ಪರ್ಸ್ಯೂಟಿನಲ್ಲಿ ಮೊದಲೆರಡು ಸಲ ಮಲಗಿ, ಕಡೆಯ ಎರಡು ಸಲ ನಿಂತು; ಶರೀರ ಒಂದು ಭಂಗಿಗೆ ಒಗ್ಗಿಕೊಂಡು, ಒಮ್ಮೆ ಮಾತ್ರ ಅದನ್ನು ಬಿಟ್ಟು ಮುಂದಕ್ಕೆ ಸಾಗುತ್ತದೆ. ಇಂಡಿವಿಜುವಲಿನಲ್ಲಿ ಮಲಗಿ, ನಿಂತು, ಮತ್ತೆ ಮಲಗಿ, ಮತ್ತೆ ನಿಂತು. ಐವತ್ತು ಮೀಟರಿನಾಚೆಯ ಗುರಿ ಮಲಗಿದವನಿಗೆ 45 ಮಿಲಿಮೀಟರು, ನಿಂತವನಿಗೆ 115. ದೊಡ್ಡ ಗುರಿಗೆ ಹೊಂದಿಕೊಂಡ ಕಣ್ಣು, ನಿಂತು ನಡುಗಿದ ತೋಳು, ಏರಿಳಿದು ಏದುವ ಎದೆ, ಇವೆಲ್ಲವೂ ಮೂರನೆಯ ಸರದಿಯಲ್ಲಿ ಮತ್ತೆ ನೆಲಕ್ಕೊರಗಿ, ಆ ಚಿಕ್ಕ ಕಪ್ಪು ಬೊಟ್ಟಿನ ಮುಂದೆ ಮೊದಲಿನ ವಿನಯವನ್ನೇ ಮರಳಿ ಕಲಿಯಬೇಕು. ಈ ಎರಡನೆಯ ಮಲಗುವಿಕೆಯಲ್ಲಿಯೇ ಇಡೀ ಸ್ಪರ್ಧೆಯ ಮರ್ಮವಿದೆಯೆಂದು ನಾನು ತಿಳಿದಿದ್ದೇನೆ. ಹೊಸ ಪ್ರಭೇದಗಳಲ್ಲಿ ಇದಕ್ಕೆ ಸಾಟಿಯಾದುದೊಂದೂ ಇಲ್ಲ.

ಮುಂದೆ ಇರುವವನು ಯಾರೆಂದೇ ಕಾಣದ ಓಟ ಎಂಥ ಓಟ ಎಂದು ಆಕ್ಷೇಪಿಸುವ ವಿಮರ್ಶಕರುಂಟು. ಇಂಡಿವಿಜುವಲಿನಲ್ಲಿ ಅರ್ಧರ್ಧ ನಿಮಿಷದ ಅಂತರದಲ್ಲಿ ಒಬ್ಬೊಬ್ಬರೇ ಹೊರಡುವುದರಿಂದ, ಹಿಂದೆ ಹೊರಟವರು ಬಂದು ಮುಟ್ಟುವವರೆಗೂ ಗೆಲುವು ನಿಶ್ಚಯವಾಗದೆಂಬುದು ನಿಜ. ಎಲ್ಲವನ್ನೂ ವಾಚ್ಯವಾಗಿಯೇ ಬಯಸುವ ಈ ಮಹನೀಯರು ಕಾವ್ಯದಲ್ಲಿ ಧ್ವನಿಯನ್ನು ಹೇಗೆ ಸಹಿಸಿಕೊಳ್ಳುತ್ತಾರೋ ತಿಳಿಯದು. ಇವರಲ್ಲಿಯೇ ಮತ್ತೊಂದು ಪಂಗಡದವರು, ಸುತ್ತು ಓಡುವುದು ಬೆವರಿನ ದಂಡ, ನಿಮಿಷ ಕೂಡಿಸುವುದು ಶಾನುಭೋಗರ ಲೆಕ್ಕ ಎನ್ನುತ್ತಾರೆ. ಬೆವರು ಸುರಿಸುವುದರಲ್ಲಿ ಮೊದಲೇ ಸಮರ್ಥನಾದವನಿಗೆ ಬೆವರನ್ನೇ ದಂಡವಾಗಿ ವಿಧಿಸಿದರೆ ಅದು ಶಿಕ್ಷೆಯೋ ಸತ್ಕಾರವೋ ಎಂಬುದನ್ನು ಇವರು ವಿಚಾರಿಸಿದಂತಿಲ್ಲ. ಕೈ ಮಾಡಿದ ತಪ್ಪನ್ನು ಕಾಲು ಸುಲಭವಾಗಿ ತೀರಿಸಬಹುದಾದಲ್ಲಿ, ಕೈಗೆ ಆ ಕ್ರೀಡೆಯಲ್ಲಿ ಸ್ಥಾನವೇನು?

ನಿಮಿಷದ ದಂಡದ ವಿರುದ್ಧ ಅವರು ಮುಂದಿಡುವ ದೊಡ್ಡ ಸಾಕ್ಷಿ 1960ರದು. ಕ್ಯಾಲಿಫೋರ್ನಿಯದ ಸ್ಕ್ವಾ ವ್ಯಾಲಿಯಲ್ಲಿ, ಬಯಾತ್ಲಾನಿನ ಪ್ರಥಮ ಒಲಿಂಪಿಕ್ ಸ್ಪರ್ಧೆಯಲ್ಲಿ, ಓಟದಲ್ಲಿ ಹದಿನೈದನೆಯವನಾಗಿದ್ದ ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ ಇಪ್ಪತ್ತಕ್ಕೆ ಇಪ್ಪತ್ತು ಗುರಿಗಳನ್ನೂ ಹೊಡೆದು ಸ್ವರ್ಣಪದಕವನ್ನು ಪಡೆದನು. ಅಂದಿನ ದಂಡ ಎರಡು ನಿಮಿಷ. ಅದು ಅತಿಯಾಯಿತೆಂಬುದನ್ನು ಒಪ್ಪುತ್ತೇನೆ. ಇಂದಿನ ಒಂದು ನಿಮಿಷದ ಲೆಕ್ಕದಲ್ಲಿ, ಎರಡು ಗುರಿ ತಪ್ಪಿಸಿದ ಫಿನ್ಲೆಂಡಿನ ಟೂರ್ವೈನೆನ್ ಅವನನ್ನು ಮೀರುತ್ತಿದ್ದನು. ಆದುದರಿಂದ ದಂಡ ಇಳಿದುದು ನ್ಯಾಯವೇ. ಆದರೆ ಈಗ ಕೆಲವೆಡೆ ಓಟವನ್ನೂ ಮೊಟಕುಗೊಳಿಸಿ, ದಂಡವನ್ನು 45 ಸೆಕೆಂಡಿಗೆ ತಗ್ಗಿಸಿರುವುದನ್ನು ನ್ಯಾಯವೆಂದು ಕರೆಯಲಾರೆ. ಅದು ಪ್ರೇಕ್ಷಕರ ಅಸಹನೆಗೆ ಸಲ್ಲಿಸಿದ ಕಪ್ಪಕಾಣಿಕೆ.

ಲೆಸ್ಟಾಂಡರನನ್ನು ಹೆಸರಿಸುವವರು ಅದೇ ದಿನದ ಮತ್ತೊಬ್ಬನನ್ನು ಮರೆಯುತ್ತಾರೆ. ಎಲ್ಲರಿಗಿಂತ ವೇಗವಾಗಿ ಓಡಿದ ಫ್ರಾನ್ಸಿನ ವಿಕ್ಟರ್ ಆರ್ಬೆಝ್ ಇಪ್ಪತ್ತರಲ್ಲಿ ಹೊಡೆದುದು ಎರಡೇ ಗುರಿ. ಅವನ ಕಾಲಕ್ಕೆ 36 ನಿಮಿಷ ಕೂಡಿ, ಅವನು ಇಪ್ಪತ್ತೈದನೆಯವನಾದನು.